ಕರಗದ ಬಿರಡೆ

ಬೊರಿವಲಿಯ ನಮ್ಮ ಬಿಲ್ಡಿಂಗಿನ ಮೂರನೆಯ ಮಹಡಿಯ ಹುಡುಗಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗಕ್ಕೆ ಸೇರಿದ್ದಾಳೆ. ಪೇಢಾ ಕೊಡಲು ಬಂದವಳು ತನ್ನ ಅರೆಬರೆ ಕನ್ನಡದಲ್ಲಿ, "ಆಂಟೀ, ಕ್ವಾಲಿಟಿ ಅಂದ್ರೆ ಚೆಕ್ ಮಾಡಿ ಸೈನ್ ಮಾಡೋದು ಅಲ್ವಾ? ಟೆನ್ಶನ್ ಕಮ್ಮಿ" ಎಂದಳು. ನಾನು ಹೌದೆನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಪೇಢಾ ಬಾಯಿಗೆ ಹಾಕಿಕೊಂಡೆ. ಅವತ್ತು ಬಾಗಿಲಲ್ಲಿ ನಿಂತು ಹೇಳಲಾಗದ್ದನ್ನು ಅವಳಿಗಾಗಿ, ಅವಳಂಥವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೈಸೂರಿನವಳು. ಇಂಜಿನಿಯರಿಂಗ್ ಕಾಲೇಜಿನ ನಮ್ಮ ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ಎಂಬತ್ತರ ದಶಕದ ಆರಂಭದಲ್ಲಿ ಮದುವೆಯಾಗಿ ಮುಂಬಯಿಗೆ ಬಂದೆ. ನಮ್ಮವರಿಗೆ ಫೋರ್ಟಿನ ಬ್ಯಾಂಕೊಂದರಲ್ಲಿ ಕೆಲಸ. ನನಗೆ ಸಿಕ್ಕಿದ್ದು ಭಾಂಡುಪಿನ ಒಂದು ಪ್ರೆಶರ್ ಕುಕ್ಕರ್ ಕಾರ್ಖಾನೆಯ ಪರೀಕ್ಷಾ ವಿಭಾಗ. ಬೆಳಿಗ್ಗೆ ಬೊರಿವಲಿಯಿಂದ ದಾದರಿಗೆ ಲೋಕಲ್, ಅಲ್ಲಿ ಸೇತುವೆ ಹತ್ತಿ ಇಳಿದು ಇನ್ನೊಂದು ಲೋಕಲ್. ಕಾರ್ಖಾನೆ ಮುಟ್ಟುವಷ್ಟರಲ್ಲಿ ಸೀರೆಯ ನೆರಿಗೆಗಳ ಗತಿ ದೇವರಿಗೇ ಪ್ರೀತಿ.

ಸಂದರ್ಶನದಲ್ಲಿ ಎಲ್ಲರೂ ನನ್ನನ್ನು ಕೇಳಿದ್ದು ಗಂಡಸರ ನಡುವೆ ಕೆಲಸ ಮಾಡಬಲ್ಲೆಯಾ ಎಂದು. ಪರೀಕ್ಷಾ ವಿಭಾಗದ ಮುಖ್ಯಸ್ಥರು ಮಾತ್ರ ಬೇರೆ ಪ್ರಶ್ನೆ ಕೇಳಿದರು. ಧಾರವಾಡದ ಕಡೆಯ ಕುಲಕರ್ಣಿ ಸಾಹೇಬರು ಅವರು. ಬೇಳೆ ಉಕ್ಕಿದಾಗ ಸೀಟಿ ಕೂರುವ ಕೊಳವೆಗೆ ಏನಾಗುತ್ತದೆ ಎಂದು ಕೇಳಿದರು. ನೊರೆಯ ಜೊತೆ ಸಿಪ್ಪೆ ಹೋಗಿ ಕಟ್ಟಿಕೊಳ್ಳುತ್ತದೆ ಎಂದೆ. "ನಮ್ಮ ಗಂಡಸರಿಗೆ ಇದು ಗೊತ್ತಾಗಬೇಕಾದ್ರ ಆರು ತಿಂಗಳು ಬೇಕಾತು ನೋಡ್ರಿ ಬಾಯಾರ" ಎಂದು ನಕ್ಕರು. ಅವತ್ತಿನಿಂದ ಅವರು ನಿವೃತ್ತರಾಗುವವರೆಗೂ ನಾನು ಅವರಿಗೆ ಬಾಯಾರೇ.

ಕುಕ್ಕರ್ ಎಲ್ಲರ ಮನೆಯಲ್ಲೂ ಇದೆ. ಆದರೆ ಅದರ ಮುಚ್ಚಳದ ಮೇಲೆ ಸೀಟಿಯ ಪಕ್ಕದಲ್ಲಿ ಇರುವ ಗುಂಡಿಯಂಥ ಸೇಫ್ಟಿ ವಾಲ್ವನ್ನು ಯಾರೂ ಕಣ್ಣಿಟ್ಟು ನೋಡುವುದಿಲ್ಲ. ಅದರ ನಡುವೆ ತೊಗರಿಬೇಳೆಯಷ್ಟು ದೊಡ್ಡ ಲೋಹದ ಬಿರಡೆಯೊಂದಿರುತ್ತದೆ. ಸೀಟಿಯ ಕೊಳವೆ ಕಟ್ಟಿಕೊಂಡು ಒಳಗಿನ ಹಬೆ ಮಿತಿಮೀರಿದರೆ ಆ ಬಿಸಿಗೆ ಬಿರಡೆ ಕರಗಿ ತೂತಾಗುತ್ತದೆ, ಹಬೆ ಅಲ್ಲಿಂದ ಹೊರಟುಹೋಗುತ್ತದೆ. ಬಿರಡೆ ಕರಗದಿದ್ದರೆ ಒಳಗಿನ ಹಬೆ ಮುಚ್ಚಳವನ್ನೇ ಕಿತ್ತುಕೊಂಡು ಹೊರಗೆ ಬರುತ್ತದೆ. ನನ್ನ ಕೆಲಸ ಇಷ್ಟೇ. ಒಟ್ಟಿಗೆ ತಯಾರಾಗಿ ಬಂದ ಪ್ರತಿ ಲಾಟಿನಿಂದ ಕೆಲವು ವಾಲ್ವು ಆರಿಸಿ, ಕುಕ್ಕರಿಗೆ ಹಾಕಿ, ಕೊಳವೆಯನ್ನು ಬೇಕೆಂದೇ ಮುಚ್ಚಿ, ಕೆಳಗೆ ಗ್ಯಾಸ್ ಉರಿಸಿ, ಒತ್ತಡದ ಮುಳ್ಳು ಕೆಂಪು ಗೆರೆ ಮುಟ್ಟುವ ಮೊದಲು ಬಿರಡೆ ಕರಗುತ್ತದೆಯೋ ಇಲ್ಲವೋ ನೋಡುವುದು. ಕಾರ್ಮಿಕರು ನನಗಿಟ್ಟ ಹೆಸರು ಸೀಟೀವಾಲಿ ಬಾಯಿ.

ಎರಡನೆಯ ವರ್ಷ ನನ್ನಿಂದ ಒಂದು ದೊಡ್ಡ ಪ್ರಮಾದವಾಯಿತು. ಒಂದು ಬೆಳಿಗ್ಗೆ ನೋಡಿದ ವಾಲ್ವುಗಳೆಲ್ಲ ಗೆರೆ ದಾಟಿದ ಮೇಲೆ ಕರಗಿದವು. ಗಾಬರಿಯಾಗಿ ಲೈನ್ ನಿಲ್ಲಿಸಿದೆ. ಅರ್ಧ ದಿನ ಯಂತ್ರಗಳು ಸುಮ್ಮನೆ ನಿಂತವು. ಮಧ್ಯಾಹ್ನ ಕುಲಕರ್ಣಿ ಸಾಹೇಬರು ಬಂದು ಒತ್ತಡ ತೋರಿಸುವ ನನ್ನ ಗೇಜನ್ನು ಮೂಲ ಗೇಜಿನ ಪಕ್ಕದಲ್ಲಿಟ್ಟು ನೋಡಿದರು. ತಪ್ಪಿದ್ದು ಗೇಜು. ಬೆಳಿಗ್ಗೆ ಅದನ್ನು ಹೋಲಿಸಿ ನೋಡುವುದು ನನ್ನ ಕೆಲಸ, ನಾನು ನೋಡಿರಲಿಲ್ಲ. ಅವರು ಬಯ್ಯಲಿಲ್ಲ. ಫೋರ್‌ಮನ್ ಸಾವಂತರೂ ಏನೂ ಅನ್ನಲಿಲ್ಲ. ಕೊಂಕಣದವರು, ಮಾತು ಕಡಿಮೆಯ ಮನುಷ್ಯ. ಆದರೆ ಮುಂದೆ ಎಷ್ಟೋ ದಿನ ನಾನು ಲೈನಿನ ಹತ್ತಿರ ಹೋದರೆ ಸಾಕು, ಯಾರಾದರೊಬ್ಬರು "ಬಂದ್ ಕರೋ, ಮ್ಯಾಡಮ್ ಆಯೀ" ಎನ್ನುವರು, ಉಳಿದವರು ನಗುವರು. ನಾನೂ ನಗುತ್ತಿದ್ದೆ. ಆ ನಗು ಒಳಗೆಲ್ಲೋ ಕೂತುಕೊಂಡು, ಲೈನ್ ನಿಲ್ಲಿಸುವ ಧೈರ್ಯವನ್ನು ಸ್ವಲ್ಪ ಸ್ವಲ್ಪವೇ ತಿಂದುಹಾಕಿತು. ಅದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಅದೇ ಸುಮಾರಿಗೆ ಇನ್ನೊಂದು ಕೆಲಸ ಮಾಡಿದೆವು. ಕುಕ್ಕರ್ ಸಿಡಿಯಿತೆಂದು ಆಗೊಮ್ಮೆ ಈಗೊಮ್ಮೆ ದೂರು ಬರುತ್ತಿತ್ತು. ಕುಲಕರ್ಣಿ ಸಾಹೇಬರು ನನ್ನನ್ನು ದಾದರಿನ ಫುಟ್‌ಪಾತ್ ಅಂಗಡಿಗಳಿಗೆ ಕರೆದುಕೊಂಡು ಹೋಗಿ, ನಮ್ಮ ಕಂಪನಿಯದೆಂದು ಮಾರುತ್ತಿದ್ದ ಸೇಫ್ಟಿ ವಾಲ್ವುಗಳನ್ನು ಒಂದು ಚೀಲ ಕೊಂಡರು. ಪರೀಕ್ಷೆಗೆ ಹಾಕಿದರೆ ಕೆಲವು ಕರಗುವುದಿರಲಿ, ಬೆಚ್ಚಗೂ ಆಗಲಿಲ್ಲ ಎನ್ನುವ ಹಾಗಿದ್ದವು. ನಡುವೆ ಬಿರಡೆಯೇ ಇಲ್ಲ, ಗಟ್ಟಿ ಹಿತ್ತಾಳೆ. ಅಂದಿನಿಂದ ಕಂಪನಿಯಲ್ಲಿ ಒಂದು ರೂಢಿ ಬಂತು. ಎಲ್ಲಿ ಕುಕ್ಕರ್ ಸಿಡಿದರೂ ಮೊದಲ ಉತ್ತರ ನಕಲಿ ವಾಲ್ವು. ಬಹಳಷ್ಟು ಸಲ ಅದು ನಿಜವೂ ಆಗಿತ್ತು. ಕೇಡು ಇದ್ದದ್ದೂ ಅಲ್ಲೇ. ಬಹಳಷ್ಟು ಸಲ ನಿಜವಾದ ಮಾತನ್ನು ಕೇಳಿ ಕೇಳಿ, ಎಲ್ಲ ಸಲವೂ ನಿಜವಿರಬೇಕೆಂದು ನಂಬಿಬಿಡುತ್ತೇವೆ.

ಮತ್ತೆರಡು ವರ್ಷಕ್ಕೆ ಹೊಸ ಜನರಲ್ ಮ್ಯಾನೇಜರ್ ಬಂದರು, ಭಾಟಿಯಾ ಎಂದು. ಅವರನ್ನು ಕೆಟ್ಟವರೆಂದು ಚಿತ್ರಿಸಿದರೆ ಸುಳ್ಳಾಗುತ್ತದೆ. ಲೇಥ್ ಮೇಲೆ ಕೈ ಕಪ್ಪು ಮಾಡಿಕೊಂಡೇ ಮೇಲೆ ಬಂದವರು. ಆಗ ನಮ್ಮ ಬಿರಡೆಯ ಮಿಶ್ರಲೋಹವನ್ನು ಬೇಗ ಕರಗುವಂತೆ ಮಾಡುವ ಬಿಸ್ಮತ್ ಎಂಬ ಲೋಹ ಹೊರದೇಶದಿಂದ ಬರಬೇಕು, ಅದಕ್ಕೆ ಸರ್ಕಾರದ ಲೈಸೆನ್ಸ್ ಬೇಕು. ಆ ವರ್ಷ ಲೈಸೆನ್ಸ್ ದೆಹಲಿಯಲ್ಲಿ ಕೂತಿತು. ಇತ್ತ ದೀಪಾವಳಿ ಹತ್ತಿರ ಬಂತು. ನಮ್ಮ ಮಾಲಿನ ದೊಡ್ಡ ಪಾಲು ಮಾರಾಟವಾಗುವುದೇ ದಸರೆ ದೀಪಾವಳಿಯ ನಡುವೆ. ಕುರ್ಲಾದ ಸರಬರಾಜುದಾರನೊಬ್ಬ ಬಿಸ್ಮತ್ ಕಡಿಮೆ, ಸೀಸ ಹೆಚ್ಚು ಇರುವ ಅಗ್ಗದ ಬಿರಡೆ ಮಾಡಿಕೊಡುತ್ತೇನೆಂದ. ಮೊದಲ ಮಾದರಿಗಳು ಚೆನ್ನಾಗಿಯೇ ಕರಗಿದವು. ಒಂದು ಇಡೀ ಲಾಟು ತರಿಸಿದರು.

ಕುಲಕರ್ಣಿ ಸಾಹೇಬರು ಮಗಳ ಮದುವೆಗೆಂದು ಧಾರವಾಡಕ್ಕೆ ಹೋಗಿದ್ದರು. ಅವರ ಕುರ್ಚಿಯಲ್ಲಿ ನಾನಿದ್ದೆ.

ಲಾಟಿನಿಂದ ಇಪ್ಪತ್ತು ವಾಲ್ವು ಆರಿಸಿ ಪರೀಕ್ಷೆ ಮಾಡಿದೆ. ಹದಿನೆಂಟು ಸರಿಯಾಗಿ ಕರಗಿದವು. ಒಂದರಲ್ಲಿ ಮುಳ್ಳು ಗೆರೆ ಮುಟ್ಟಿತು, ದಾಟಿತು, ಮತ್ತೂ ಏರತೊಡಗಿತು. ಗ್ಯಾಸ್ ಬಂದ್ ಮಾಡಿದೆ. ಇನ್ನೊಂದರಲ್ಲೂ ಹಾಗೆಯೇ ಆಯಿತು, ಅಲ್ಲೂ ಬಂದ್ ಮಾಡಿದೆ. ಆ ಮೊದಲೇ ಗೇಜನ್ನು ಮೂರು ಸಲ ಹೋಲಿಸಿ ನೋಡಿದ್ದೆ. ಗೇಜು ಸರಿಯಿತ್ತು.

ಭಾಟಿಯಾ ತಮ್ಮ ಗಾಜಿನ ಕೋಣೆಗೆ ಕರೆಸಿದರು. ಅಂಗಳದಲ್ಲಿ ಟ್ರಕ್ಕುಗಳು ನಿಂತಿದ್ದವು. ಅವರು ಸಮಾಧಾನವಾಗಿ ಮಾತನಾಡಿದರು. ಕೊಳವೆ ಕಟ್ಟಿಕೊಳ್ಳುವುದೇ ಅಪರೂಪ. ಕಟ್ಟಿಕೊಂಡರೂ ಹತ್ತರಲ್ಲಿ ಒಂಬತ್ತು ಬಿರಡೆ ಕರಗುತ್ತದೆ. ಕರಗದಿದ್ದರೂ ಪಾತ್ರೆ ಅದಕ್ಕಿಂತ ಹೆಚ್ಚಿನ ಒತ್ತಡ ತಾಳುತ್ತದೆ. ಈ ಮೂರೂ ಒಂದೇ ಮನೆಯಲ್ಲಿ ಒಂದೇ ದಿನ ತಪ್ಪಬೇಕಲ್ಲ ಎಂದರು. ಮಾಲು ಈಗ ಹೊರಡದಿದ್ದರೆ ಅಂಗಡಿಗಳು ಬೇರೆ ಕಂಪನಿಯ ಮಾಲು ತುಂಬಿಕೊಳ್ಳುತ್ತವೆ, ಸಾವಂತರ ಲೈನಿನ ಅರ್ಧ ಜನರನ್ನು ಮನೆಗೆ ಕಳಿಸಬೇಕಾಗುತ್ತದೆ ಎಂದರು. ಕೊನೆಗೊಂದು ಮಾತು ಹೇಳಿದರು. "ಮ್ಯಾಡಮ್, ನೂರಕ್ಕೆ ನೂರು ಸುರಕ್ಷಿತವಾದ ಕುಕ್ಕರ್ ಒಂದೇ, ಮಾರಾಟವಾಗದ್ದು."

ಸಾವಂತರು ಬಾಗಿಲಲ್ಲಿ ನಿಂತಿದ್ದರು. ನನ್ನತ್ತ ನೋಡಲಿಲ್ಲ, ನೆಲ ನೋಡುತ್ತಿದ್ದರು. ನನಗೆ ನಿಂತುಹೋದ ಲೈನು, ಆ ನಗು ನೆನಪಾಯಿತು. ನಿಯಮ ಮೀರಿ ಮಾಲು ಬಿಡುವುದಕ್ಕೊಂದು ಫಾರ್ಮ್ ಇತ್ತು, ಡೀವಿಯೇಷನ್ ನೋಟ್. ಅದರಲ್ಲಿ "ಇಪ್ಪತ್ತರಲ್ಲಿ ಎರಡು ಸ್ವಲ್ಪ ತಡವಾಗಿ ಕರಗುತ್ತವೆ, ಈ ಒಂದು ಲಾಟಿಗೆ ಮಾತ್ರ ಒಪ್ಪಿಗೆ" ಎಂದು ಬರೆದು ಸಹಿ ಹಾಕಿದೆ. ಇಂಥ ಲಾಟಿನ ಪ್ರತಿ ವಾಲ್ವಿನ ಮೇಲೂ ಗುರುತಿಗೆಂದು ಒಂದು ಚುಕ್ಕಿ ಹೊಡೆಯುವುದು ಕುಲಕರ್ಣಿ ಸಾಹೇಬರು ಮಾಡಿದ ನಿಯಮ. ಅದನ್ನು ಎದುರು ನಿಂತು ಮಾಡಿಸಿದೆ. ಸಂಜೆ ಟ್ರಕ್ಕುಗಳು ಹೊರಟವು. ನಾನೂ ಹೊರಟೆ. ಅವತ್ತು ಮನೆಗೆ ಹೋಗುವಾಗ ನನಗೆ ಪಾಪಪ್ರಜ್ಞೆ ಇರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ವಯಸ್ಸಿಗೆ ತಕ್ಕ ವಿವೇಕ ಬಂದಿದೆ ಎಂದುಕೊಂಡಿದ್ದೆ.

ಮದುವೆ ಮುಗಿಸಿ ಬಂದ ಕುಲಕರ್ಣಿ ಸಾಹೇಬರು ಆ ನೋಟನ್ನು ಎರಡು ಸಲ ಓದಿದರು.

"ಬಾಯಾರ, ಆ ಎರಡು ಎಲ್ಲೀತನಕಾ ಹೋದ್ವು?"

"ಗೆರೆ ದಾಟಿದ ಮೇಲೆ ಗ್ಯಾಸ್ ಬಂದ್ ಮಾಡಿದೆ ಸರ್."

"ಅಂದ್ರ ಕರಗ್ಯಾವೋ ಇಲ್ಲೋ ನಿಮಗ ಗೊತ್ತಿಲ್ಲ."

"ಇಲ್ಲ ಸರ್."

"ಗೊತ್ತಿಲ್ಲ ಅಂತ ಬರೀಬೇಕಾಗಿತ್ತು. ನೀವು 'ಸ್ವಲ್ಪ ತಡ' ಅಂತ ಬರದೀರಿ."

ಅಷ್ಟೇ ಹೇಳಿದರು. ಸ್ಟೋರಿನಲ್ಲಿ ಉಳಿದಿದ್ದ ನಾಲ್ಕಾರು ಚುಕ್ಕಿ ವಾಲ್ವುಗಳನ್ನು ಮತ್ತೆ ಪರೀಕ್ಷಿಸಿದೆವು, ಅವು ಸರಿಯಾಗಿ ಕರಗಿದವು. ಮಾಲು ಊರೂರು ಮುಟ್ಟಿತ್ತು. ಅವರು ನೋಟನ್ನು ಫೈಲಿಗೆ ಹಾಕಿದರು. ಲೈಸೆನ್ಸ್ ಬಂತು, ಹಳೆಯ ಬಿರಡೆ ಮತ್ತೆ ಶುರುವಾಯಿತು. ನಾವಿಬ್ಬರೂ ಆ ಮಾತು ಮತ್ತೆ ಎತ್ತಲಿಲ್ಲ.

ಮುಂದಿನ ಮಳೆಗಾಲಕ್ಕೆ ಮುಂಚೆ ಪರೇಲಿನಿಂದ ಒಂದು ದೂರು ಬಂತು. ಚಾಳಿನಲ್ಲಿ ಕುಕ್ಕರ್ ಸಿಡಿದು ಹೆಂಗಸಿಗೆ ಸುಟ್ಟಿದೆ ಎಂದು ನೆರೆಯವರಾರೋ ಬರೆದ ಪತ್ರ. ನಕಲಿ ವಾಲ್ವಿರಬೇಕು, ಹೋಗಿ ನೋಡಿ ವರದಿ ಕೊಡಿ ಎಂದು ಭಾಟಿಯಾ ನನ್ನನ್ನೇ ಕಳಿಸಿದರು. ಆಕೆ ಕನ್ನಡದವಳಂತೆ, ಮಾತಿಗೆ ಅನುಕೂಲ ಎಂದರು.

ಆಕೆಯ ಹೆಸರು ಶಾಂತವ್ವ. ಊರು ಅಥಣಿಯ ಹತ್ತಿರದ ಹಳ್ಳಿ. ಗಂಡ ಮಿಲ್ಲಿನಲ್ಲಿದ್ದವನು, ಮಿಲ್ಲು ಮುಚ್ಚಿದ ಮೇಲೆ ಸಿಕ್ಕ ಕೂಲಿ ಮಾಡುತ್ತಿದ್ದ. ಮನೆ ನಡೆಯುತ್ತಿದ್ದದ್ದು ಶಾಂತವ್ವನ ಖಾನಾವಳಿಯಿಂದ. ಹತ್ತು ಹನ್ನೆರಡು ಜನ ಒಂಟಿ ಗಂಡಸರಿಗೆ ಎರಡು ಹೊತ್ತಿನ ಊಟ. ಒಂದೇ ಖೋಲಿ, ಅದರ ಮೂಲೆಯಲ್ಲಿ ಪಂಪ್ ಸ್ಟೋವ್. ಬೆಳಗಿನ ಪಾಳಿಯವರಿಗೆಂದು ಮಡಕಿ ಕಾಳು ಬೇಯಿಸಲು ಇಟ್ಟು ಹಿಟ್ಟು ನಾದಲು ಕೂತಾಗ ಮುಚ್ಚಳ ಹಾರಿತ್ತು. ಎಡಗೆನ್ನೆ, ಕತ್ತು, ಎಡಗೈ ಭುಜದಿಂದ ಮೊಣಕೈವರೆಗೆ ಸುಟ್ಟಿತ್ತು. ಆಸ್ಪತ್ರೆಯಿಂದ ಬಂದು ವಾರವಾಗಿತ್ತು. ಗೋಡೆಗೆ ಒರಗಿ ಕೂತಿದ್ದಳು. ವಯಸ್ಸು ನನ್ನದೇ.

ಸ್ಟೋವಿನ ಹತ್ತಿರ ಕೂತಿದ್ದ ಅತ್ತೆ, ನಾನು ಕೇಳುವ ಮೊದಲೇ ಶುರು ಮಾಡಿದಳು. ಇವಳಿಗೆ ನಿಗಾ ಇಲ್ಲ, ಕೊಳವೆ ತೊಳೆದಿಲ್ಲ, ಮನೆತನ ಹಾಳು ಮಾಡಿದಳು ಎಂದಳು. ಊಟಕ್ಕೆ ಬರುತ್ತಿದ್ದವರೆಲ್ಲ ಬೇರೆ ಖಾನಾವಳಿ ಹಿಡಿದಿದ್ದರು. ಶಾಂತವ್ವ ಕಂಪನಿಯಿಂದ ಏನನ್ನೂ ಕೇಳಲಿಲ್ಲ. ಒಂದೇ ಮಾತು ಕೇಳಿದಳು.

"ದಿನಾ ಕಡ್ಡಿ ಹಾಕಿ ತೊಳಿತಿದ್ನಿರಿ. ತಪ್ಪ ನಂದ ಐತೇನ್ರಿ ಬಾಯಿ?"

ಪರೀಕ್ಷೆ ಮಾಡಿ ಹೇಳುತ್ತೇನೆ ಎಂದೆ. ಮುಚ್ಚಳ ತಂದುಕೊಟ್ಟರು. ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಕೊಳವೆಯಲ್ಲಿ ಕಾಳಿನ ಸಿಪ್ಪೆ ಒಣಗಿ ಕೂತಿತ್ತು. ಪಕ್ಕದಲ್ಲಿ ನಮ್ಮದೇ ಮುದ್ರೆಯ ವಾಲ್ವು. ಬಿರಡೆ ಇದ್ದ ಹಾಗೆಯೇ ಇತ್ತು, ಒಂದಿಷ್ಟೂ ಕರಗಿರಲಿಲ್ಲ. ಅದರ ಅಂಚಿನಲ್ಲಿ ಒಂದು ಚುಕ್ಕಿ.

ಮುಚ್ಚಳವನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಸ್ಟೇಷನ್ನಿಗೆ ಬಂದೆ. ಮಧ್ಯಾಹ್ನದ ಲೋಕಲ್, ಹೆಂಗಸರ ಡಬ್ಬಿ ಅರ್ಧ ಖಾಲಿ. ಚೀಲವನ್ನು ಪಕ್ಕದ ಬೆಂಚಿನ ಮೇಲಿಟ್ಟು ಕಿಟಕಿಯ ಹೊರಗೆ ನೋಡುತ್ತಾ ಕೂತೆ. ಪರೇಲಿನಿಂದ ದಾದರಿಗೆ ಒಂದೇ ಸ್ಟೇಷನ್. ಮನೆಯ ಕಡೆಯ ಗಾಡಿ ಹಿಡಿಯಲು ದಾದರಿನಲ್ಲಿ ಎದ್ದು ಇಳಿದುಬಿಟ್ಟೆ. ನಾಲ್ಕು ಹೆಜ್ಜೆ ಹಾಕಿದ್ದೆನೋ ಇಲ್ಲವೋ, ಹಿಂದಿನಿಂದ ಕೂಗು ಕೇಳಿತು, "ಅಹೋ ಬಾಯಿ, ಪಿಶವೀ ರಾಹಿಲೀ." ಮೀನು ಮಾರುವ ಹೆಂಗಸೊಬ್ಬಳು ಬಾಗಿಲಿಗೆ ಬಂದು ಚೀಲ ಚಾಚಿ ಹಿಡಿದಿದ್ದಳು. ಗಾಡಿ ಆಗಲೇ ಹೊರಡುತ್ತಿತ್ತು. ಓಡಿ ಇಸಿದುಕೊಂಡೆ.

ಮರೆತೆನೋ, ಬಿಟ್ಟು ಬಂದೆನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ಚೀಲ ಆ ಗಾಡಿಯಲ್ಲೇ ಹೋಗಿದ್ದರೆ ಪುರಾವೆ ಇರುತ್ತಿರಲಿಲ್ಲ. ನಕಲಿ ವಾಲ್ವೆಂದು ಎಲ್ಲರೂ ನಂಬುತ್ತಿದ್ದರು. ಸೇತುವೆಯ ಮೆಟ್ಟಿಲ ಪಕ್ಕ ನಿಂತು ಚೀಲವನ್ನು ಎದೆಗೆ ಅವುಚಿಕೊಂಡೆ. ಜನ ತಳ್ಳಿಕೊಂಡು ಹೋಗುತ್ತಿದ್ದರು.

ಮರುದಿನ ಮುಚ್ಚಳವನ್ನು ಕುಲಕರ್ಣಿ ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ತೆಗೆದು, ಬೆರಳಿನಿಂದ ಚುಕ್ಕಿಯನ್ನು ಮುಟ್ಟಿ ನೋಡಿದರು. ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು ಅವರಿಗೆ. ಏನು ಬರೆಯಲಿ ಎಂದು ಕೇಳಿದೆ.

"ಖರೇ ಏನದ ಅದನ್ನ ಬರೀರಿ. ಕೆಳಗ ನನಗೂ ಒಂದ್ಹತ್ತು ಗೆರಿ ಜಾಗಾ ಬಿಡ್ರಿ."

ನಾನು ಮೂರು ಪುಟ ಬರೆದೆ. ಕೆಳಗೆ ಅವರು ತಮ್ಮ ಕೈಬರಹದಲ್ಲಿ, ಊರಿನಿಂದ ಬಂದ ಮೇಲೆ ವಿಷಯ ತಿಳಿದೂ ಮಾಲು ವಾಪಸು ಕರೆಸಲು ತಾವು ಒತ್ತಾಯ ಮಾಡಲಿಲ್ಲ, ಅದಕ್ಕೆ ತಾವೂ ಹೊಣೆ ಎಂದು ಬರೆದು ಸಹಿ ಹಾಕಿದರು.

ಭಾಟಿಯಾ ಮೂರು ದಿನ ಆ ವರದಿಯನ್ನು ತಮ್ಮಲ್ಲೇ ಇಟ್ಟುಕೊಂಡರು. ನಾಲ್ಕನೆಯ ದಿನ ನಮ್ಮಿಬ್ಬರನ್ನೂ ಕರೆದರು. ಅವರ ಮುಖ ಬಾಡಿತ್ತು. ಆ ಲಾಟಿನ ವಾಲ್ವುಗಳೆಲ್ಲ ವಾಪಸು ಬರಬೇಕು ಎಂದು ಕುಲಕರ್ಣಿ ಸಾಹೇಬರು ಹೇಳಿದರು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ನಮ್ಮ ಕುಕ್ಕರ್ ಅಪಾಯಕಾರಿ ಎಂದು ನಾವೇ ಹೇಳಿದರೆ ವರ್ಷದೊಳಗೆ ಗೇಟಿಗೆ ಬೀಗ ಬೀಳುತ್ತದೆ ಎಂದರು ಭಾಟಿಯಾ. ಆ ಮಾತು ಬರಿಯ ಬೆದರಿಕೆಯಲ್ಲ. ಪರೇಲಿನ ಮಿಲ್ಲುಗಳ ಬೀಗಗಳನ್ನು ನಾನು ಆಗತಾನೇ ನೋಡಿ ಬಂದಿದ್ದೆ. ಮಾತು ಅಲ್ಲಿಗೇ ನಿಂತುಹೋಯಿತು. ಆಗ ನಾನೇ ಒಂದು ಉಪಾಯ ಹೇಳಿದೆ. ಕಂಪನಿಯ ಹೆಸರಿನಲ್ಲಿ ಉಚಿತ ಸರ್ವೀಸ್ ಶಿಬಿರ ಇಡೋಣ, ಮುಚ್ಚಳ ತಂದವರಿಗೆ ರಬ್ಬರ್ ರಿಂಗು, ವಾಲ್ವು ಎರಡೂ ಬದಲಿಸಿ ಕೊಡೋಣ, ಕಾರಣ ಹೇಳುವುದು ಬೇಡ.

ಭಾಟಿಯಾ ತಕ್ಷಣ ಒಪ್ಪಿದರು. ಕುಲಕರ್ಣಿ ಸಾಹೇಬರು ಬೇರೆ ದಾರಿ ಕಾಣದೆ ಹೂಂ ಎಂದರು. ಕಂಪನಿಯ ವಕೀಲರು ಇನ್ನೊಂದು ಷರತ್ತು ಹಾಕಿದರು. ಪರೇಲಿನ ಹೆಂಗಸಿನ ಆಸ್ಪತ್ರೆಯ ಖರ್ಚನ್ನು ಮಾನವೀಯತೆಯಿಂದ ಕೊಡಬಹುದು, ಆದರೆ ತಪ್ಪು ನಮ್ಮದೆಂದು ಯಾರೂ ಎಲ್ಲಿಯೂ ಬಾಯಿ ಬಿಡಕೂಡದು. ನಾನು ಶಾಂತವ್ವನ ಹತ್ತಿರ ಹೋಗಲಿಲ್ಲ. ಹೋದರೆ ಅವಳ ಪ್ರಶ್ನೆಗೆ ಉತ್ತರ ಕೊಡಬೇಕಿತ್ತು.

ಮುಂದಿನ ಭಾನುವಾರಗಳೆಲ್ಲ ಶಿಬಿರದಲ್ಲೇ ಕಳೆದವು. ಬೊರಿವಲಿಯಲ್ಲಿ, ದಾದರಿನಲ್ಲಿ, ಎಲ್ಲೆಲ್ಲಿ ಸಭಾಗೃಹ ಸಿಕ್ಕಿತೋ ಅಲ್ಲಿ. ಬೇರೆ ಊರುಗಳಿಗೂ ಸೇಲ್ಸಿನವರ ಕೈಯಲ್ಲಿ ವಾಲ್ವು ಕಳಿಸಿದೆವು. ಜನ ಬರುತ್ತಿದ್ದರು. ಆದರೆ ಅಷ್ಟೊಂದು ಜನರಲ್ಲ. ಪುಕ್ಕಟೆ ರಬ್ಬರಿಗೋಸ್ಕರ ಭಾನುವಾರ ಯಾರು ಕ್ಯೂ ನಿಲ್ಲುತ್ತಾರೆ? ಚುಕ್ಕಿ ಕಂಡಾಗಲೆಲ್ಲ ಆ ವಾಲ್ವು ಬಿಚ್ಚಿ ನನ್ನ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಚೀಲ ತುಂಬಲೇ ಇಲ್ಲ.

ಪರೇಲಿನ ಶಿಬಿರ ಕೊನೆಗೆ ಬಂತು. ಚಾಳುಗಳ ನಡುವಿನ ಒಂದು ವ್ಯಾಯಾಮಶಾಲೆಯಲ್ಲಿ ಮೇಜು ಹಾಕಿದ್ದೆವು. ಹಿಂದೆ ಕಂಪನಿಯ ಬ್ಯಾನರ್, ಪಕ್ಕದಲ್ಲಿ ಸೇಲ್ಸಿನ ಇಬ್ಬರು, ವಾಲ್ವು ಬದಲಿಸಲು ಸಾವಂತರು. ಹೆಂಗಸರು ಮುಚ್ಚಳ ಹಿಡಿದು ಸಾಲಾಗಿ ನಿಂತಿದ್ದರು. ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದೆ. ಒಬ್ಬಳು ಮೇಜಿನ ಮುಂದೆ ಬಂದು ನಿಂತಳು, ಕೈಯಲ್ಲಿ ಮುಚ್ಚಳವಿರಲಿಲ್ಲ. ತಲೆ ಎತ್ತಿದೆ. ಕೆನ್ನೆಯ ಗಾಯ ಮಾಗಿ ನುಣುಪು ಕಲೆಯಾಗಿತ್ತು.

"ನಮ್ಮ ಮುಚ್ಚಳಾ ಒಯ್ದಿದ್ರಿ. ತಪಾಸ ಆತೇನ್ರಿ ಬಾಯಿ?"

ಸೇಲ್ಸಿನವರಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಕಲೆ ಕಂಡು ಯಾರೆಂದು ಊಹಿಸಿದರು. ಒಬ್ಬನು ನನ್ನ ಕಿವಿಯ ಹತ್ತಿರ ಬಗ್ಗಿ, ಇವರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಮಾತಾಡಿ ಎಂದ. ಏಳೋಣವೆಂದೇ ಕೈ ಒರೆಸಿಕೊಂಡೆ. ಪಕ್ಕಕ್ಕೆ ಹೋದರೆ ಏನು ಹೇಳುತ್ತೇನೆಂದು ನನಗೆ ಗೊತ್ತಿತ್ತು. ಇನ್ನೂ ಪರೀಕ್ಷೆ ನಡೆಯುತ್ತಿದೆ ಎನ್ನುತ್ತಿದ್ದೆ. ಸಾಲಿನಲ್ಲಿದ್ದವರು ನೋಡುತ್ತಿದ್ದರು. ನಾನು ಏಳಲಿಲ್ಲ.

"ಆಯಿತು ಶಾಂತವ್ವಾ. ನಿಮ್ಮ ತಪ್ಪಲ್ಲ. ವಾಲ್ವು ಕೆಟ್ಟದ್ದು. ಕೊಳವೆ ಕಟ್ಟಿಕೊಂಡಾಗ ಅದು ಕರಗಬೇಕಿತ್ತು, ಕರಗಲಿಲ್ಲ."

ಅವಳು ಕದಲಲಿಲ್ಲ. "ಜೋರ್ ಹೇಳ್ರಿ. ನಮ್ಮತ್ತಿ ಹಿಂದ ನಿಂತಾಳ. ಅಕಿಗಿ ಕಿವಿ ಮಂದ."

ನಾನು ಎದ್ದು ನಿಂತೆ. ಮೊದಲು ಕನ್ನಡದಲ್ಲಿ, ಆಮೇಲೆ ನನ್ನ ಹರಕು ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದೆ. ಇವರು ಕೊಳವೆ ತೊಳೆಯುತ್ತಿದ್ದರು, ಸಿಪ್ಪೆ ಯಾರ ಕೊಳವೆಯಲ್ಲಾದರೂ ಸಿಕ್ಕಿಕೊಳ್ಳಬಹುದು, ಆಗ ಕಾಪಾಡಬೇಕಾದದ್ದು ಈ ವಾಲ್ವು. ಚುಕ್ಕಿ ಇರುವ ವಾಲ್ವುಗಳಲ್ಲಿ ಕೆಲವು ಕಾಪಾಡುವುದಿಲ್ಲ. ಅದು ಗೊತ್ತಿದ್ದೂ ಮಾರಲು ಬಿಟ್ಟು ಸಹಿ ಹಾಕಿದವಳು ನಾನು. ಸೇಲ್ಸಿನವನು ಫೋನ್ ಹುಡುಕಿಕೊಂಡು ಹೊರಗೆ ಓಡಿದ. ಅತ್ತೆ ಸಾಲಿನಿಂದ ಮುಂದೆ ಬಂದು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಇಕಿನ ಮಾರಿ ಹಿಂಗಾದ ಮ್ಯಾಲ ಹೇಳಾಕ ಬಂದ್ಯಾ?" ಎಂದಳು. ಶಾಂತವ್ವ ಅತ್ತೆಯ ಕೈ ಹಿಡಿದು ಕರೆದುಕೊಂಡು ಹೋದಳು. ತಿರುಗಿ ನೋಡಲಿಲ್ಲ.

ಸಾಲಿನಲ್ಲಿ ಗದ್ದಲವೆದ್ದಿತು. ಕೆಲವರು ಬೈದರು, ಒಬ್ಬಳು ಮುಚ್ಚಳವನ್ನು ಮೇಜಿನ ಮೇಲೆ ಕುಕ್ಕಿದಳು. ಸಾವಂತರು ಮಾತ್ರ ಸ್ಪ್ಯಾನರ್ ಕೆಳಗಿಡದೆ ಒಂದಾದ ಮೇಲೊಂದು ವಾಲ್ವು ಬಿಚ್ಚುತ್ತಲೇ ಇದ್ದರು. ಒಂದು ತಾಸು ಕಳೆಯುವಷ್ಟರಲ್ಲಿ ಸಾಲು ವ್ಯಾಯಾಮಶಾಲೆಯ ಹೊರಗೆ ರಸ್ತೆಯವರೆಗೆ ಬೆಳೆದಿತ್ತು. ಅಕ್ಕಪಕ್ಕದ ಚಾಳುಗಳಿಂದ ಹೆಂಗಸರು ಬಂದರು, ನೆಂಟರ ಮನೆಗಳಿಂದ ಮುಚ್ಚಳ ತಂದರು. ಮುಂದಿನ ವಾರ ಪರೇಲಿನ ಪಕ್ಕದ ಲಾಲ್‌ಬಾಗಿನಿಂದ, ಕುರ್ಲಾದಿಂದ ಜನ ನಮ್ಮ ಕಾರ್ಖಾನೆಯ ಗೇಟಿಗೇ ಬಂದರು. ಎರಡು ತಿಂಗಳು ಪುಕ್ಕಟೆ ರಬ್ಬರ್ ಹಂಚಿದರೂ ಬಾರದ ಚುಕ್ಕಿ ವಾಲ್ವುಗಳು ಆ ಹದಿನೈದು ದಿನಗಳಲ್ಲಿ ಬಂದವು. ಎಲ್ಲವೂ ಬರಲಿಲ್ಲ. ದೂರದ ಊರುಗಳಿಗೆ ಹೋದವು ಏನಾದವೋ ನನಗೆ ತಿಳಿಯದು. ಮೊದಲೇ ನಿಜ ಹೇಳಿದ್ದರೆ ಎಷ್ಟು ಬರುತ್ತಿದ್ದವು ಎಂಬ ಯೋಚನೆ ಈಗಲೂ ಬರುತ್ತದೆ. ಆ ಉಪಾಯ ಹೇಳಿದವಳು ನಾನೇ ಅಲ್ಲವೆ.

ಕಾರ್ಖಾನೆಗೆ ಬೀಗ ಬೀಳಲಿಲ್ಲ. ಆದರೆ ಭಾಟಿಯಾ ಹೆದರಿದ್ದು ಪೂರಾ ಸುಳ್ಳೂ ಆಗಲಿಲ್ಲ. ಆ ವರ್ಷ ಮಾರಾಟ ಬಿತ್ತು, ಸಾವಂತರ ಲೈನಿನ ಹಂಗಾಮಿ ಕೆಲಸಗಾರರು ಕೆಲವರು ಮನೆಗೆ ಹೋದರು. ಅವರಲ್ಲಿ ಒಬ್ಬನು ಗೇಟಿನಲ್ಲಿ ನನ್ನನ್ನು ಕಂಡು ಮುಖ ತಿರುಗಿಸಿಕೊಂಡ. ಆ ಮುಖವೂ ನನ್ನ ಲೆಕ್ಕಕ್ಕೇ ಸೇರಿದ್ದು. ನನಗೆ ಮೆಮೊ ಕೊಟ್ಟು ಡ್ರಾಯಿಂಗ್ ಆಫೀಸಿಗೆ ಹಾಕಿದರು. ಅಲ್ಲಿ ಬಿರಡೆಯನ್ನೊಂದೇ ನಂಬದ ಮುಚ್ಚಳದ ನಕ್ಷೆ ಮಾಡಿದೆ. ಮುಚ್ಚಳದ ಅಂಚಿನಲ್ಲೊಂದು ಉದ್ದನೆಯ ಕಿಂಡಿ. ಒತ್ತಡ ಮೀರಿದರೆ ರಬ್ಬರ್ ರಿಂಗೇ ಅಲ್ಲಿಂದ ಹೊರಗೆ ಉಬ್ಬಿ ಹಬೆ ಬಿಟ್ಟುಬಿಡುತ್ತದೆ. ಅಚ್ಚು ಬದಲಿಸುವ ಖರ್ಚು ಹೆಚ್ಚೆಂದು ಭಾಟಿಯಾ ಅದನ್ನು ಡ್ರಾಯರಿನಲ್ಲಿಟ್ಟರು. ಕುಲಕರ್ಣಿ ಸಾಹೇಬರು ನಿವೃತ್ತರಾಗಿ ಧಾರವಾಡಕ್ಕೆ ಹೋದರು. ತೊಂಬತ್ತರ ದಶಕದ ಆರಂಭದಲ್ಲಿ ಹೊರದೇಶದ ಗಿರಾಕಿಯೊಬ್ಬ ಅಂಥ ಕಿಂಡಿ ಇಲ್ಲದಿದ್ದರೆ ಮಾಲು ಬೇಡವೆಂದ. ಅವತ್ತು ಭಾಟಿಯಾ ತಾವೇ ನಕ್ಷೆ ಹಿಡಿದು ನನ್ನ ಮೇಜಿಗೆ ಬಂದು, ಎಷ್ಟು ದಿನ ಬೇಕು ಎಂದು ಕೇಳಿದರು. ಮುಂದೆ ಇಲ್ಲಿನ ಮನೆಗಳಿಗೂ ಅದೇ ಮುಚ್ಚಳ ಹೋಯಿತು.

ಸಹಿ ಹಾಕುವ ಕೆಲಸಕ್ಕೆ ಹೋಗುವವರಿಗೆ ನಾನು ಹೇಳಬಲ್ಲದ್ದು ಸ್ವಲ್ಪವೇ. ಖರ್ಚು ಲೆಕ್ಕ ಹಾಕುವವರು ಶತ್ರುಗಳಲ್ಲ, ಅವರ ಲೆಕ್ಕದಲ್ಲೂ ಸತ್ಯವಿರುತ್ತದೆ. ಆದರೆ ಮುಳ್ಳು ಗೆರೆ ದಾಟಿ ಏರುತ್ತಿರುವಾಗ ಗ್ಯಾಸ್ ಬಂದ್ ಮಾಡಿದರೆ, ಬಂದ್ ಮಾಡಿದೆನೆಂದೇ ಬರೆಯಿರಿ. 'ಸ್ವಲ್ಪ' ಎಂಬ ಪದ ಬಹಳ ಕೆಟ್ಟದ್ದು.

ಹೊಸ ಮುಚ್ಚಳದ ಮೊದಲ ಕುಕ್ಕರುಗಳಲ್ಲಿ ಒಂದನ್ನು ಕೊಂಡು ಪರೇಲಿಗೆ ಹೋದೆ. ಶಾಂತವ್ವನ ಖಾನಾವಳಿ ಮತ್ತೆ ನಡೆಯುತ್ತಿತ್ತು. ಅತ್ತೆ ತೀರಿಕೊಂಡಿದ್ದಳು. ಶಾಂತವ್ವ ಈಗ ಪಾತ್ರೆಯ ಬಾಯಿ ತೆರೆದಿಟ್ಟು ಕಾಳು ಬೇಯಿಸುತ್ತಿದ್ದಳು, ಅದಕ್ಕಾಗಿ ಒಂದು ತಾಸು ಮೊದಲೇ ಏಳುತ್ತಿದ್ದಳು. ಕುಕ್ಕರನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕಿಂಡಿ ಏಕೆಂದು ಕೇಳಿದಳು. ರಬ್ಬರ್ ಒತ್ತಿ ತೋರಿಸಿ ಎಲ್ಲ ವಿವರಿಸಿದೆ. ಗಮನವಿಟ್ಟು ಕೇಳಿದಳು, ನಂಬಿದಳು ಕೂಡ. ಆಮೇಲೆ ಡಬ್ಬಿಯಲ್ಲಿದ್ದ ಜೋಳದ ಹಿಟ್ಟನ್ನು ಅದಕ್ಕೆ ಸುರಿದು, ಮುಚ್ಚಿ, ಮೇಲಿನ ಹಲಗೆಗೆ ಎತ್ತಿಟ್ಟಳು.

"ತಪ್ಪ ನಂದಲ್ಲ ಅಂತ ನನಗ ತಿಳದೈತ್ರಿ ಬಾಯಿ. ಈ ಕೈಗಿ ತಿಳಿವಲ್ದು" ಎಂದು ಎಡಗೈ ಚಾಚಿ ತೋರಿಸಿದಳು.